ಪಾಲಿಕೆ, ನಗರಸಭೆ ನೌಕರರ ರಜೆ ಪರಿಷ್ಕರಣೆ: ಬೇಡಿಕೆ ಪಟ್ಟಿಯಲ್ಲಿ ಏನಿರಬೇಕು?

ಶಹಾಪುರದ ಲೆಕ್ಕಿಗ, ಬೆಳಗಾವಿ

ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಕಡೆ ನೌಕರರ ಮೊಬೈಲಿನಲ್ಲಿ ಒಂದು ಬೇಡಿಕೆ ಪಟ್ಟಿ ಓಡಾಡುತ್ತಿದೆ. ಅದರಲ್ಲಿರುವುದು ಮೂರೇ ಸಾಲು. ಸಾಂದರ್ಭಿಕ ರಜೆ 10ರಿಂದ 15 ಆಗಬೇಕು, ಅನಾರೋಗ್ಯ ರಜೆ 20ರಿಂದ 30 ಆಗಬೇಕು, ಗಳಿಕೆ ರಜೆ ಬಿಟ್ಟುಕೊಟ್ಟು ಹಣ ಪಡೆಯುವ ವರ್ಷದ ನಗದೀಕರಣ 15ರಿಂದ 30 ದಿನ ಆಗಬೇಕು. ಸಹಿ ಹಾಕುವ ಮುಂಚೆ ಇದನ್ನು ಬಿಡಿಸಿ ನೋಡೋಣ.

ಮೊದಲನೆಯದಾಗಿ, ಕಾಯಂ ನೌಕರರಿಗೆ ಅನ್ವಯಿಸುವ 1958ರ ಕರ್ನಾಟಕ ನಾಗರಿಕ ಸೇವಾ ನಿಯಮಗಳಲ್ಲಿ (ಕೆಸಿಎಸ್‌ಆರ್) ‘ಅನಾರೋಗ್ಯ ರಜೆ’ ಎಂಬ ಪ್ರತ್ಯೇಕ ಖಾತೆಯೇ ಇಲ್ಲ. ನಾವು ಮಾತಿನಲ್ಲಿ ಹಾಗೆ ಕರೆಯುವುದು ಅರ್ಧ ವೇತನ ರಜೆಯನ್ನು. ಅದು ವರ್ಷಕ್ಕೆ 20 ದಿನ, ಜನವರಿ 1ಕ್ಕೆ 10, ಜುಲೈ 1ಕ್ಕೆ 10 ಜಮಾ ಆಗುತ್ತದೆ. ವೈದ್ಯರ ಪ್ರಮಾಣಪತ್ರ ಕೊಟ್ಟರೆ ಅದನ್ನೇ ಪರಿವರ್ತಿತ ರಜೆಯಾಗಿ ಪೂರ್ತಿ ವೇತನದಲ್ಲಿ ಪಡೆಯಬಹುದು, ಆದರೆ ಖಾತೆಯಿಂದ ಎರಡರಷ್ಟು ದಿನ ಕಳೆಯುತ್ತಾರೆ. ಅಂದರೆ 20 ದಿನವೆಂದರೆ ಪೂರ್ತಿ ಸಂಬಳದ ಲೆಕ್ಕದಲ್ಲಿ 10 ದಿನ ಮಾತ್ರ. ಪಟ್ಟಿಯಲ್ಲಿ ‘ಅನಾರೋಗ್ಯ ರಜೆ 30’ ಎಂದು ಬರೆದರೆ ಮೇಲಿನ ಕಚೇರಿಯಲ್ಲಿ ಕೂತವರು ಯಾವ ನಿಯಮಕ್ಕೆ ತಿದ್ದುಪಡಿ ಕೇಳಿದ್ದಾರೆಂದೇ ತಿಳಿಯದೆ ವಾಪಸ್ ಕಳಿಸುತ್ತಾರೆ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ದಿನಗಳ ಸಂಖ್ಯೆಗಿಂತ ಮುಖ್ಯವಾದದ್ದು ಎರಡು: ಇರುವ ರಜೆಯ ಲೆಕ್ಕ ಸರಿಯಾಗಿ ಬರೆಯುವುದು, ರಜೆ ಹೋದವರ ಜಾಗಕ್ಕೆ ಬದಲಿ ಆಳು ಇರುವುದು. ಇವೆರಡಿಲ್ಲದೆ 30 ಅಲ್ಲ, 60 ದಿನ ಕೊಟ್ಟರೂ ಅದು ಕಾಗದದ ಮೇಲೇ ಉಳಿಯುತ್ತದೆ.

ನವನಗರ ವಾಲ್ವ್‌ಮನ್, ಬಾಗಲಕೋಟೆ

ಸರ, ಲೆಕ್ಕ ಸರಿ ಬರೆಯೂದು ಅಂದ್ರ ಏನ್ ನೋಡಬೇಕು ಬಿಡಿಸಿ ಹೇಳ್ರಿ. ಸೇವಾ ಪುಸ್ತಕ ತಗದ್ರ ನಮಗ ಏನೂ ತಿಳಿಯಂಗಿಲ್ಲ. ಕಾಯಂ ಆದ ಪೌರಕಾರ್ಮಿಕರಂತೂ ಅದನ್ನ ಕಣ್ಣಿಲೆ ನೋಡಿಲ್ಲ.

ಶಹಾಪುರದ ಲೆಕ್ಕಿಗ, ಬೆಳಗಾವಿ

ಸೇವಾ ಪುಸ್ತಕದ ಜೊತೆ ರಜೆ ಲೆಕ್ಕದ ಪತ್ರಕ ಇರುತ್ತದೆ. ಒಂದು ಕಡೆ ಗಳಿಕೆ ರಜೆ, ಇನ್ನೊಂದು ಕಡೆ ಅರ್ಧ ವೇತನ ರಜೆ. ಈ ಕ್ರಮದಲ್ಲಿ ನೋಡಿ.

ಗಳಿಕೆ ರಜೆ ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಮುಂಗಡವಾಗಿ ಜಮಾ ಆಗಿರಬೇಕು. ಹಲವು ಕಡೆ ಗುಮಾಸ್ತರು ನಾಲ್ಕೈದು ವರ್ಷದ್ದನ್ನು ಒಟ್ಟಿಗೆ ಬರೆಯಲು ಹೋಗಿ ಒಂದು ಅರ್ಧವರ್ಷವನ್ನೇ ಬಿಟ್ಟಿರುತ್ತಾರೆ. ಸಾಲು ಎಣಿಸಿ, ವರ್ಷಕ್ಕೆ ಎರಡರಂತೆ ಇವೆಯೇ ನೋಡಿ.

ಅರ್ಧವರ್ಷದ ನಡುವೆ ಕೆಲಸಕ್ಕೆ ಸೇರಿದವರಿಗೆ ಪೂರ್ತಿಯಾದ ಪ್ರತಿ ತಿಂಗಳಿಗೆ ಎರಡೂವರೆ ದಿನ. ಸೆಪ್ಟೆಂಬರ್ 1ಕ್ಕೆ ನೇಮಕವಾದವರಿಗೆ ಡಿಸೆಂಬರ್ ಕೊನೆವರೆಗಿನ ನಾಲ್ಕು ತಿಂಗಳಿಗೆ 10 ದಿನ ಜಮಾ ಇರಬೇಕು. ಹೊಸದಾಗಿ ಕಾಯಂ ಆದ ಪೌರಕಾರ್ಮಿಕರ ಪುಸ್ತಕದಲ್ಲಿ ಈ ಮೊದಲ ಜಮಾ ಬಿಟ್ಟುಹೋಗುವುದು ಹೆಚ್ಚು. ಮುಂದಿನ ಜನವರಿಯಿಂದಲೇ ಲೆಕ್ಕ ಶುರು ಮಾಡಿಬಿಡುತ್ತಾರೆ.

ಅಸಾಧಾರಣ ರಜೆ, ಅಂದರೆ ಸಂಬಳವಿಲ್ಲದ ರಜೆ ಹಾಕಿದ್ದರೆ ಅದರ ಹತ್ತನೇ ಒಂದು ಭಾಗ ಮುಂದಿನ ಜಮಾದಿಂದ ಕಳೆಯುತ್ತದೆ. ಜನವರಿಯಿಂದ ಜೂನ್ ನಡುವೆ 40 ದಿನ ಹಾಕಿದ್ದರೆ ಜುಲೈನಲ್ಲಿ 15ರ ಬದಲು 11. ಕೆಲವೆಡೆ ಇಡೀ 15ನ್ನೇ ಕೊಡದೆ ಬಿಡುತ್ತಾರೆ, ಅದು ತಪ್ಪು.

ಪರಿವರ್ತಿತ ರಜೆಯ ಎರಡರಷ್ಟು ಕಳೆಯಬೇಕಾದದ್ದು ಅರ್ಧ ವೇತನದ ಖಾತೆಯಿಂದ. ಅದನ್ನು ಗಳಿಕೆ ರಜೆಯಿಂದ ಕಳೆದಿದ್ದರೆ ತಕ್ಷಣ ಲಿಖಿತ ಅರ್ಜಿ ಕೊಡಿ.

ಪುಸ್ತಕ ತೋರಿಸಲು ಸತಾಯಿಸಿದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ನಿಮ್ಮದೇ ರಜೆ ಪತ್ರಕದ ದೃಢೀಕೃತ ನಕಲು ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು.

ಗುಮ್ಮಟದ ಗಾಳಿ, ವಿಜಯಪುರ

ಇದರ ಜೋಡಿ ಒಂದ ಮಾತು ಸೇರಸ್ತೀನ್ರಿ. ಗಳಿಕೆ ರಜಾ 300ಕ್ಕ ನಿಂತಬಿಡ್ತದ, ಅದರ ಮ್ಯಾಲೆ ಕೂಡಂಗಿಲ್ಲ. ಅರ್ಧ ವೇತನದ್ದು ಕೂಡ್ತಾ ಹೋಗ್ತದ. ಹಂಗಂದ ಮ್ಯಾಲೆ ಭಾಳ ವರ್ಷ ಸರ್ವಿಸ್ ಆದವರು ಸಣ್ಣ ಜಡ್ಡಿಗೆಲ್ಲ ಗಳಿಕೆ ರಜಾ ಬರದು ಕೊಡೂದು ಲುಕ್ಸಾನು. ನಿವೃತ್ತಿ ಆದಾಗ ಗಳಿಕೆ ರಜೆಗೆ ರೊಕ್ಕ ಸಿಗ್ತದ. ಡಾಕ್ಟರ್ ಚೀಟಿ ಇದ್ದಾಗ ಪರಿವರ್ತಿತ ರಜಾನೇ ಕೇಳ್ರಿ. ಅರ್ಜಿಯೊಳಗ ರಜೆಯ ಹೆಸರು ಸ್ಪಷ್ಟ ಬರೀರಿ. ಬರೇ ‘ಮೈಯಾಗ ಆರಾಮ ಇಲ್ಲ, ರಜಾ ಕೊಡ್ರಿ’ ಅಂತ ಬರದ್ರ ಗುಮಾಸ್ತರು ಕೈಗೆ ಸಿಕ್ಕ ಖಾತೆದಾಗ ಕಳೀತಾರ.

ಖಾಸಬಾಗ ಅಕ್ಕ, ಬೆಳಗಾವಿ

ಅಂಕಿಯಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಮೂಲ ವೇತನ 30,000, ತುಟ್ಟಿಭತ್ಯೆ 3,000 ಎಂದಿಟ್ಟುಕೊಳ್ಳಿ. ಒಟ್ಟು 33,000, ದಿನಕ್ಕೆ 1,100. ಹತ್ತು ದಿನ ಜ್ವರ ಬಂದು ಪರಿವರ್ತಿತ ರಜೆ ಹಾಕಿದರೆ ಆ ಹತ್ತು ದಿನಕ್ಕೆ 11,000 ಪೂರ್ತಿ ಬರುತ್ತದೆ, ಅರ್ಧ ವೇತನ ಖಾತೆಯಲ್ಲಿ 20 ಕಡಿಮೆಯಾಗುತ್ತದೆ. ಅದೇ ಹತ್ತು ದಿನವನ್ನು ಅರ್ಧ ವೇತನ ರಜೆಯಾಗಿಯೇ ಬರೆದರೆ ಕೈಗೆ 5,500, ಖಾತೆಯಲ್ಲಿ 10 ಮಾತ್ರ ಕಡಿಮೆ. ಅದನ್ನೇ ಗಳಿಕೆ ರಜೆಯಲ್ಲಿ ಹಾಕಿದರೆ ಈಗ 11,000 ಬಂದರೂ ನಿವೃತ್ತಿಯಲ್ಲಿ ನಗದಾಗಬಹುದಾಗಿದ್ದ 10 ದಿನ ಹೋಯಿತು, ಅದೂ ಅಂದಿನ ಹೆಚ್ಚಿನ ವೇತನದ ದರದಲ್ಲಿ.

300 ದಿನ ಪೂರ್ತಿ ಉಳಿಸಿದವರಿಗೆ ಇದೇ ದರದಲ್ಲಿ 3,30,000. ವರ್ಷದ 15 ದಿನದ ನಗದೀಕರಣ 16,500. ಸೇವೆಯಲ್ಲಿದ್ದಾಗ ಪಡೆದ ನಗದೀಕರಣಕ್ಕೆ ಆದಾಯ ತೆರಿಗೆ ವಿನಾಯಿತಿ ಇಲ್ಲ ಎಂಬುದೂ ನೆನಪಿರಲಿ.

ತೆರಿಗೆ ವಿಷಯದಲ್ಲಿ ನಮ್ಮವರು ಎಡವುವ ಇನ್ನೊಂದು ಜಾಗವಿದೆ. ನಿವೃತ್ತಿಯ ರಜೆ ನಗದೀಕರಣ ಪೂರ್ತಿ ತೆರಿಗೆಮುಕ್ತವಾಗಿರುವುದು ಕೇಂದ್ರ ಮತ್ತು ರಾಜ್ಯ ಸರ್ಕಾರದ ನೌಕರರಿಗೆ. ಸ್ಥಳೀಯ ಸಂಸ್ಥೆಯ ನೌಕರರು ಆ ಸಾಲಿನಲ್ಲಿ ಇಲ್ಲ, ಇತರರ ಸಾಲಿನಲ್ಲಿ ಬರುತ್ತಾರೆ. ಅವರಿಗೆ ಮಿತಿ 3 ಲಕ್ಷ ಇತ್ತು, 2023ರ ಏಪ್ರಿಲ್ 1ರಿಂದ 25 ಲಕ್ಷವಾಗಿದೆ. ಹಾಗಾಗಿ ಈಗ ಹೆಚ್ಚಿನವರಿಗೆ ತೆರಿಗೆ ತಾಗುವುದಿಲ್ಲ. ಆದರೆ ಹಳೆಯ 3 ಲಕ್ಷದ ಲೆಕ್ಕ ಹಿಡಿದು ಮೂಲದಲ್ಲೇ ತೆರಿಗೆ ಕಡಿತ ಮಾಡಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬೇಕು.

ನವನಗರ ವಾಲ್ವ್‌ಮನ್, ಬಾಗಲಕೋಟೆ

ಅಕ್ಕಾರ, ಪಟ್ಟಿಯೊಳಗ ನಗದೀಕರಣ 30 ಮಾಡ್ರಿ ಅಂತ ಐತಲ್ಲ, ಅದು ಬೇಕೋ ಬ್ಯಾಡೋ?

ಖಾಸಬಾಗ ಅಕ್ಕ, ಬೆಳಗಾವಿ

ನನ್ನ ಮಟ್ಟಿಗೆ ಬೇಡ, ಅಣ್ಣಾ. ವರ್ಷಕ್ಕೆ ಗಳಿಸುವುದೇ 30. ಅದನ್ನೆಲ್ಲ ಮಾರಿದರೆ ವಿಶ್ರಾಂತಿಗೂ ಇಲ್ಲ, ನಿವೃತ್ತಿಗೂ ಇಲ್ಲ. ಮೇಲಾಗಿ ‘ಹಣ ಕೊಡುತ್ತೇವಲ್ಲ, ರಜೆ ಯಾಕೆ’ ಎಂದು ಮಂಜೂರಾತಿ ತಪ್ಪಿಸಲು ಒಂದು ದಾರಿಯಾಗುತ್ತದೆ. ಕಸ ಗುಡಿಸುವ, ಒಳಚರಂಡಿ ಕೆಲಸದ ಮೈಗೆ ವಿಶ್ರಾಂತಿ ಬೇಕು. ಇರುವ 15 ದಿನದ್ದನ್ನೇ ಅರ್ಜಿ ಕೊಟ್ಟ ವರ್ಷದಲ್ಲೇ ಪಾವತಿ ಮಾಡಬೇಕು ಎಂಬ ಷರತ್ತು ಕೇಳುವುದು ಮೇಲು. ಅನುದಾನ ಬಂದಿಲ್ಲ ಎಂದು ಬಿಲ್ಲು ತಳ್ಳುತ್ತ ಹೋಗುತ್ತಾರೆ, ಅಷ್ಟರಲ್ಲಿ ಖಾತೆಯಿಂದ ದಿನ ಕಳೆದಿರುತ್ತಾರೆ. ಹಣ ಬಂದ ದಿನವೇ ಖಾತೆಯಿಂದ ಕಳೆಯಬೇಕು ಎಂದು ಬರೆಯಿಸಿ.

ಶಹಾಪುರದ ಲೆಕ್ಕಿಗ, ಬೆಳಗಾವಿ

ಸಾಂದರ್ಭಿಕ ರಜೆಯ ಬಗ್ಗೆ. 2019ರಲ್ಲಿ ನಾಲ್ಕನೇ ಶನಿವಾರವನ್ನು ರಜೆ ಎಂದು ಸಾರಿದಾಗ 15ನ್ನು 10ಕ್ಕೆ ಇಳಿಸಿದರು. ಒಂದು ಕೊಟ್ಟು ಇನ್ನೊಂದು ತೆಗೆದ ಲೆಕ್ಕ ಅದು. ಕಚೇರಿಯ ಮೇಜಿನಲ್ಲಿ ಕೂರುವವರಿಗೆ ಸರಿಹೋಯಿತು. ಶನಿವಾರವೂ ನೀರು ಬಿಡಬೇಕಾದ ವಾಲ್ವ್‌ಮನ್, ಬೀದಿ ದೀಪದ ಸಿಬ್ಬಂದಿ, ಕಸದ ಗಾಡಿಯ ಚಾಲಕ, ಪೌರಕಾರ್ಮಿಕ ಇವರಿಗೆ ಎರಡನೇ ಶನಿವಾರವೂ ಇಲ್ಲ, ನಾಲ್ಕನೆಯದೂ ಇಲ್ಲ. ‘ಎಲ್ಲರಿಗೂ 15’ ಎಂದು ಕೇಳಿದರೆ ಸರ್ಕಾರ ಒಪ್ಪುವುದು ಕಷ್ಟ. ‘ನಾಲ್ಕನೇ ಶನಿವಾರದ ರಜೆ ಅನುಭವಿಸಲಾಗದ ಹುದ್ದೆಗಳಿಗೆ 15’ ಎಂದು ಹುದ್ದೆಯ ಹೆಸರು ಹಿಡಿದು ಕೇಳಿದರೆ ಇಲ್ಲವೆನ್ನಲು ಕಾರಣವಿರುವುದಿಲ್ಲ. ಈ ಒಂದು ಸಾಲಿನ ಮೇಲೆ ನಾನು ಎಷ್ಟು ಬೇಕಾದರೂ ಜಗ್ಗಾಡಲು ಸಿದ್ಧ.

ಬೆಳಗಾವಿಗೆ ವಿಶೇಷವಾದ ಇನ್ನೊಂದು ತೊಡಕೂ ಇದೆ. ಸಾಂದರ್ಭಿಕ ರಜೆ ಡಿಸೆಂಬರ್ 31ಕ್ಕೆ ಸತ್ತುಹೋಗುತ್ತದೆ, ಮುಂದಿನ ವರ್ಷಕ್ಕೆ ಬರುವುದಿಲ್ಲ. ಅದೇ ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನ ನಡೆಯುತ್ತದೆ, ರಜೆಗೆ ತಡೆ ಬೀಳುತ್ತದೆ. ಅದಕ್ಕೂ ಮುಂಚೆ ಗಣೇಶ ಹಬ್ಬ. ವಿಸರ್ಜನೆಯ ಮೆರವಣಿಗೆ ಮರುದಿನದವರೆಗೂ ನಡೆಯುವ ಊರಿದು, ಆ ಹನ್ನೊಂದು ದಿನವೂ ನೈರ್ಮಲ್ಯದವರಿಗೆ ರಜೆ ಇಲ್ಲ. ಆದ್ದರಿಂದ ‘ಆಡಳಿತದ ಕಾರಣಕ್ಕೆ ಲಿಖಿತವಾಗಿ ನಿರಾಕರಿಸಿದ ಸಾಂದರ್ಭಿಕ ರಜೆಯನ್ನು ಮುಂದಿನ ಮಾರ್ಚ್ 31ರವರೆಗೆ ಬಳಸಲು ಅವಕಾಶ ಕೊಡಬೇಕು’ ಎಂಬ ಸಾಲು ಬೇಕು. ಬಾಯಿಮಾತಿನ ನಿರಾಕರಣೆಗೆ ಬೆಲೆಯಿಲ್ಲ. ಅರ್ಜಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಗುಮ್ಮಟದ ಗಾಳಿ, ವಿಜಯಪುರ

ಇಲ್ಲಿ ಸಂಕ್ರಮಣದ ಸಿದ್ಧೇಶ್ವರ ಜಾತ್ರಿ ಟೈಮಿಗೆ ಅದೇ ಹಣೇಬಾರ. ಬಾಗಲಕೋಟಿಯೊಳಗ ಹೋಳಿ ಬಣ್ಣ. ಹಬ್ಬ ಮುಗದ ಮ್ಯಾಲಿನ ಕಸ ಎತ್ತೂದು ಹಬ್ಬಕ್ಕಿಂತ ದೊಡ್ಡ ಕೆಲಸ. ಹಬ್ಬದ ರಜಾ ದಿನ ದುಡದವರಿಗೆ ಬದಲಿ ರಜಾ ಕೊಡ್ತೀವಿ ಅಂತಾರ, ಆದ್ರ ಹಾಜರಿ ಪುಸ್ತಕದಾಗ ಅವತ್ತು ಬರೇ ‘ಹಾಜರು’ ಅಂತ ಇರ್ತದ, ಅದು ರಜಾ ದಿನದ ಕೆಲಸ ಅಂತ ಎಲ್ಲೂ ಇರಂಗಿಲ್ಲ. ಹೆಲ್ತ್ ಇನ್ಸ್‌ಪೆಕ್ಟರ್ ಸಹಿ ಮಾಡಿದ ಕರ್ತವ್ಯದ ಆದೇಶ ಹಬ್ಬದ ಮುಂಚೇನ ತಗೋರಿ, ಹೆಸರಿನ ಪಟ್ಟಿ ಜೋಡಿ. ಮೂರು ತಿಂಗಳಾದ ಮ್ಯಾಲೆ ಯಾರೂ ಬರದು ಕೊಡಂಗಿಲ್ಲ.

ಘಟಪ್ರಭಾ ದಂಡಿ, ಬಾಗಲಕೋಟೆ

ಎಲ್ಲರೂ ಕಾಯಂ ನೌಕರರ ಬಗ್ಗೆಯೇ ಬರೆಯುತ್ತಿದ್ದೀರಿ. ಹೊರಗುತ್ತಿಗೆಯ ಚಾಲಕರು, ಲೋಡರ್‌ಗಳು, ನೀರು ಸರಬರಾಜಿನ ಸಹಾಯಕರು ಕೆಸಿಎಸ್‌ಆರ್‌ಗೆ ಬರುವುದೇ ಇಲ್ಲ. ಅವರ ಕಾಯಿಲೆ ರಜೆ ಎಂದರೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ. ಅದನ್ನು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಹಕ್ಕಿದ್ದೂ ಸಿಗದೆ ಹೋಗುವುದು ಇಲ್ಲೇ ಹೆಚ್ಚು.

ತಿಂಗಳ ವೇತನ 21,000ದವರೆಗೆ ಇರುವವರಿಗೆ ಇದು ಅನ್ವಯ. ವೇತನದ ಮೇಲೆ ಕಟ್ಟುವ ವಂತಿಗೆಯಲ್ಲಿ ಕಾರ್ಮಿಕರ ಪಾಲು ಶೇ 0.75, ಮಾಲೀಕರದು ಶೇ 3.25. ಕಾಯಿಲೆ ಬಿದ್ದರೆ ಸರಾಸರಿ ದಿನಗೂಲಿಯ ಶೇ 70ರಂತೆ ವರ್ಷಕ್ಕೆ ಗರಿಷ್ಠ 91 ದಿನ ಸಿಗುತ್ತದೆ. ಪಟ್ಟಿಯಲ್ಲಿರುವ ದೀರ್ಘ ಕಾಯಿಲೆಗಳಿಗೆ, ಕ್ಷಯ, ಕ್ಯಾನ್ಸರ್ ತರಹದವಕ್ಕೆ, ಶೇ 80ರಂತೆ ಇನ್ನೂ ಹೆಚ್ಚು ಕಾಲ.

ಸಾಮಾನ್ಯ ಕಾಯಿಲೆಗೆ ಷರತ್ತು ಒಂದೇ: ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಜಮಾ ಆಗಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದು ಮುಂದಿನ ಜನವರಿಯಿಂದ ಜೂನ್‌ವರೆಗಿನ ಕಾಯಿಲೆಗೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದು ಜುಲೈನಿಂದ ಡಿಸೆಂಬರ್‌ವರೆಗಿನದಕ್ಕೆ. ಅಂದರೆ ಇವತ್ತು ಜ್ವರ ಬಂದರೆ ಅವರು ನೋಡುವುದು ಇವತ್ತಿನ ಕಡಿತವನ್ನಲ್ಲ, ಹಿಂದಿನ ಅವಧಿಯದನ್ನು.

ಕೆಡುವುದು ಎಲ್ಲಿ? ಟೆಂಡರ್ ಮುಗಿದು ಹೊಸ ಗುತ್ತಿಗೆದಾರ ಬಂದಾಗ. ವಿಮಾ ಸಂಖ್ಯೆ ಒಬ್ಬರಿಗೆ ಒಂದೇ, ಜೀವನಪೂರ್ತಿ. ಹೊಸ ಗುತ್ತಿಗೆದಾರ ಹಳೆಯ ಸಂಖ್ಯೆ ಕೇಳದೆ ಹೊಸ ನೋಂದಣಿ ಮಾಡಿಬಿಟ್ಟರೆ ವಂತಿಗೆ ಎರಡು ಸಂಖ್ಯೆಗೆ ಹಂಚಿಹೋಗುತ್ತದೆ. ಹಳೆಯದರಲ್ಲಿ 60 ದಿನ, ಹೊಸದರಲ್ಲಿ 70 ದಿನ, ಎರಡರಲ್ಲೂ 78 ಮುಟ್ಟುವುದಿಲ್ಲ, ಹಣ ಬರುವುದಿಲ್ಲ. ಗುತ್ತಿಗೆ ಬದಲಾದ ದಿನವೇ ಹಳೆಯ ಸಂಖ್ಯೆಯನ್ನು ಬರೆದು ಕೊಟ್ಟು ಸಹಿ ಪಡೆಯಿರಿ. ತಿಂಗಳಿಗೊಮ್ಮೆ ಉಮಂಗ್ ಆ್ಯಪ್‌ನಲ್ಲಿ ಎಷ್ಟು ದಿನದ ವಂತಿಗೆ ಬಿದ್ದಿದೆ ನೋಡಿ. 26 ದಿನ ದುಡಿದು 20 ದಿನದ್ದೇ ಕಟ್ಟಿದ್ದರೆ ಅದು ಅಲ್ಲೇ ಕಾಣುತ್ತದೆ.

ಇನ್ನೊಂದು, ಮೊದಲ ಎರಡು ದಿನ ಕಾಯುವ ಅವಧಿ, ಅದಕ್ಕೆ ಹಣವಿಲ್ಲ. ಸರಾಸರಿ ದಿನಗೂಲಿ 500 ಇದ್ದವರಿಗೆ ಏಳು ದಿನದ ಕಾಯಿಲೆಗೆ ಐದು ದಿನದ್ದು, 350ರಂತೆ 1,750 ರೂಪಾಯಿ. ಹದಿನೈದು ದಿನದೊಳಗೆ ಮತ್ತೆ ಕಾಯಿಲೆ ಬಿದ್ದರೆ ಕಾಯುವ ಅವಧಿ ಮತ್ತೆ ಹಿಡಿಯುವುದಿಲ್ಲ. ಖಾಸಗಿ ವೈದ್ಯರ ಚೀಟಿ ಹಿಡಿದು ಹೋದರೆ ನಡೆಯುವುದು ಕಷ್ಟ, ಮೊದಲ ದಿನವೇ ಇಎಸ್‌ಐ ಚಿಕಿತ್ಸಾಲಯಕ್ಕೆ ಹೋಗಿ ಅಲ್ಲಿನ ಪ್ರಮಾಣಪತ್ರ ಪಡೆಯಿರಿ.

ಕೆಲಸದಲ್ಲೇ ಪೆಟ್ಟಾದರೆ ಅದು ಬೇರೆ ಲೆಕ್ಕ. ಶೇ 90ರಂತೆ ಬರುತ್ತದೆ, 78 ದಿನದ ಷರತ್ತೂ ಇಲ್ಲ. ಆದರೆ ಅಪಘಾತದ ವರದಿಯನ್ನು ಗುತ್ತಿಗೆದಾರ ಕಳಿಸಬೇಕು. ‘ಮನೆಯಲ್ಲಿ ಬಿದ್ದೆ ಅಂತ ಹೇಳು’ ಎಂಬ ಮಾತಿಗೆ ಒಪ್ಪಬೇಡಿ. ಒಪ್ಪಿದರೆ ಶೇ 20ರ ನಷ್ಟ ಮಾತ್ರವಲ್ಲ, ಮುಂದೆ ಶಾಶ್ವತ ಅಂಗವೈಕಲ್ಯದ ಪಿಂಚಣಿಯ ದಾರಿಯೂ ಮುಚ್ಚುತ್ತದೆ.

ಖಾಸಬಾಗ ಅಕ್ಕ, ಬೆಳಗಾವಿ

ಕಾಯಂ ನೌಕರರಿಗೂ ಕರ್ತವ್ಯದಲ್ಲಿ ಆದ ಗಾಯಕ್ಕೆ ವಿಶೇಷ ಅಶಕ್ತತಾ ರಜೆ ಇದೆ, ಅದನ್ನು ಯಾವ ಖಾತೆಯಿಂದಲೂ ಕಳೆಯುವುದಿಲ್ಲ. ಮ್ಯಾನ್‌ಹೋಲ್ ಮುಚ್ಚಳ ಕಾಲಿನ ಮೇಲೆ ಬಿದ್ದವರಿಗೆ, ಗಾಡಿಯಿಂದ ಬಿದ್ದವರಿಗೆ ಸುಮ್ಮನೆ ಗಳಿಕೆ ರಜೆ ಬರೆದುಬಿಡುತ್ತಾರೆ. ಕೇಳುವವರಿಲ್ಲ, ಅದಕ್ಕೆ ಕೊಡುವವರೂ ಇಲ್ಲ.

ಹೆರಿಗೆ ರಜೆ ಕಾಯಂ ಇದ್ದವರಿಗೆ 180 ದಿನ, ಇಎಸ್‌ಐನಲ್ಲಿ 26 ವಾರ, ಹೆಚ್ಚುಕಡಿಮೆ ಒಂದೇ. ಆದರೆ ಹೊರಗುತ್ತಿಗೆಯ ಹೆಣ್ಣುಮಕ್ಕಳಿಗೆ ಹಣ ಬಂದರೂ ವಾಪಸ್ ಬಂದಾಗ ಕೆಲಸ ಇರುವುದಿಲ್ಲ. ಆ ಜಾಗಕ್ಕೆ ಬಂದ ಬದಲಿಯವರನ್ನೇ ಮುಂದುವರಿಸಿರುತ್ತಾರೆ. ಟೆಂಡರ್ ಷರತ್ತಿನಲ್ಲೇ ‘ಹೆರಿಗೆ ರಜೆ ಮುಗಿಸಿ ಬಂದವರನ್ನು ಅದೇ ವಾರ್ಡಿಗೆ ತೆಗೆದುಕೊಳ್ಳಬೇಕು’ ಎಂದು ಬರೆಯಬೇಕು. 2021ರಲ್ಲಿ ಬಂದ ಆರು ತಿಂಗಳ ಶಿಶುಪಾಲನಾ ರಜೆ ಮತ್ತು 2025ರ ಅಕ್ಟೋಬರ್‌ನಲ್ಲಿ ಸಂಪುಟ ಒಪ್ಪಿದ, ತಿಂಗಳಿಗೊಂದು ದಿನದ ವೇತನಸಹಿತ ಋತುಚಕ್ರ ರಜೆ, ಇವೆರಡೂ ಬೀದಿ ಗುಡಿಸುವವರಿಗೆ ತಲುಪಬೇಕಾದರೆ ಹಾಜರಿ ಪುಸ್ತಕದಲ್ಲಿ ಅದಕ್ಕೊಂದು ಸಂಕೇತಾಕ್ಷರ ಬೇಕು. ಇಲ್ಲದಿದ್ದರೆ ಮೇಸ್ತ್ರಿ ‘ಗೈರು’ ಎಂದೇ ಬರೆಯುತ್ತಾನೆ.

ಗುಮ್ಮಟದ ಗಾಳಿ, ವಿಜಯಪುರ

ಮೇಸ್ತ್ರಿ ಗೈರು ಬರದದ್ದು ಹಂಗ ಬಿಡಬ್ಯಾಡ್ರಿ. ಅನಧಿಕೃತ ಗೈರು ಅಂದ್ರ ಪಗಾರ ಅಷ್ಟ ಅಲ್ಲ, ಸೇವೆಗೂ ಲೆಕ್ಕ ಹಿಡಿಯಂಗಿಲ್ಲ, ಮ್ಯಾಲೆ ಶಿಸ್ತುಕ್ರಮದ ನೋಟಿಸು. ಆಗಿ ಹೋಗಿದ್ರ ಹಿಂದಿನ ದಿನಾಂಕದಿಂದ ಅಸಾಧಾರಣ ರಜಾ ಅಂತ ಮಂಜೂರು ಮಾಡ್ರಿ ಅಂತ ಕಾರಣ, ದಾಖಲೆ ಜೋಡಿ ಅರ್ಜಿ ಕೊಡಾಕ ಬರ್ತದ. ಪಗಾರ ಬರಂಗಿಲ್ಲ, ಆದ್ರ ನೌಕರಿ ಮ್ಯಾಲಿನ ಕಲೆ ಹೋಗ್ತದ. ಜಡ್ಡಿನಿಂದ ವಾಪಸ್ ಬರೂಮುಂದ ಫಿಟ್‌ನೆಸ್ ಪ್ರಮಾಣಪತ್ರ ಇಲ್ಲದ ಬಂದ್ರ ಹಾಜರಿ ಹಾಕ್ಸಂಗಿಲ್ಲ, ಆ ಒಂದ ಚೀಟಿ ಸಲುವಾಗಿ ನಾಕೈದು ದಿನ ಗೈರು ಆದದ್ದು ಭಾಳ ಅದಾವು. ಡಾಕ್ಟರ್ ಕಡೆ ಕಡೀ ಸಲ ಹೋದಾಗನ ಬರಿಸ್ಕೊಂಡು ಬರ್ರಿ.

ಶಹಾಪುರದ ಲೆಕ್ಕಿಗ, ಬೆಳಗಾವಿ

ಈಗ ಬದಲಿ ಆಳಿನ ಲೆಕ್ಕ. ಇದಿಲ್ಲದೆ ಪಟ್ಟಿ ಕಳಿಸಬಾರದು.

ಒಬ್ಬ ಪೌರಕಾರ್ಮಿಕರಿಗೆ ವರ್ಷದಲ್ಲಿ ವಾರದ ರಜೆ 52, ಗಳಿಕೆ ರಜೆ 30, ಸಾಂದರ್ಭಿಕ 10, ಹಬ್ಬ ಮತ್ತು ರಾಷ್ಟ್ರೀಯ ರಜೆ 10 ಎಂದು ಹಿಡಿದರೆ 102 ದಿನ. ಕೆಲಸಕ್ಕೆ ಸಿಗುವುದು 263. ವರ್ಷದ 365 ದಿನವೂ ಬೀದಿಯಲ್ಲಿ 100 ಜನ ಇರಬೇಕಾದರೆ ಪಟ್ಟಿಯಲ್ಲಿ 139 ಜನ ಬೇಕು. ವಾರದ ರಜೆ ಮಾತ್ರ ಕೊಟ್ಟರೆ 117 ಸಾಕು. ನಡುವಿನ 22 ಜನವೇ ನಿಜವಾದ ರಜೆ ಸೌಲಭ್ಯ. ಆ 22 ಜನರ ವೇತನಕ್ಕೆ ಆಯವ್ಯಯದಲ್ಲಿ ಹಣವಿಲ್ಲದಿದ್ದರೆ ರಜೆಯೂ ಇಲ್ಲ.

ಹುದ್ದೆ ಮಂಜೂರು ಮಾಡುವ ಮಾನದಂಡ 700 ಜನಸಂಖ್ಯೆಗೆ ಒಬ್ಬರು. ಪೌರಕಾರ್ಮಿಕರ ಸ್ಥಿತಿಗತಿ ಕುರಿತ ಐ.ಪಿ.ಡಿ. ಸಾಲಪ್ಪ ವರದಿ ಹೇಳಿದ್ದು 500ಕ್ಕೆ ಒಬ್ಬರು. ಬಾಗಲಕೋಟೆ ನಗರದ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು 1.12 ಲಕ್ಷ, 700ರಿಂದ ಭಾಗಿಸಿದರೆ 160. ಅವರೆಲ್ಲ ನಿಯಮದಂತೆ ರಜೆ ತೆಗೆದುಕೊಂಡರೆ ದಿನವೂ ಬೀದಿಯಲ್ಲಿರುವವರು 115. ಊರು ಬೆಳೆದಿದೆ, ಲೆಕ್ಕ ಮಾತ್ರ 2011ರದ್ದು. ಹೀಗಿರುವಾಗ ಮೇಸ್ತ್ರಿ ರಜೆ ಕೊಡಲು ಹಿಂದೆಮುಂದೆ ನೋಡುವುದು ಅವನ ಕೆಟ್ಟತನದಿಂದಲ್ಲ, ವಾರ್ಡಿಗೆ ಕಳಿಸಲು ಆಳಿಲ್ಲದ್ದರಿಂದ.

ನವನಗರ ವಾಲ್ವ್‌ಮನ್, ಬಾಗಲಕೋಟೆ

ಇದನ್ನ ಸಾಮಾನ್ಯ ಸಭಾದಾಗ ಠರಾವು ಮಾಡಿಸಿದ್ರ ಸಾಕಾಗಂಗಿಲ್ಲೇನ್ರಿ?

ಶಹಾಪುರದ ಲೆಕ್ಕಿಗ, ಬೆಳಗಾವಿ

ಎರಡು ಭಾಗ ಮಾಡಿ. ರಜೆಯ ದಿನ, ಬಗೆ, ನಗದೀಕರಣ ಇವು ರಾಜ್ಯದ ನಿಯಮ. ನಿಮ್ಮ ನಗರಸಭೆಗೆ 1964ರ ಪೌರಸಭೆಗಳ ಅಧಿನಿಯಮ, ನಮಗೂ ವಿಜಯಪುರಕ್ಕೂ 1976ರ ನಗರಪಾಲಿಕೆಗಳ ಅಧಿನಿಯಮ. ಎರಡರಲ್ಲೂ ಸ್ಥಳೀಯ ಠರಾವಿನಿಂದ ಸೇವಾ ನಿಯಮ ಬದಲಾಗುವುದಿಲ್ಲ. ಅದು ಪೌರಾಡಳಿತ ನಿರ್ದೇಶನಾಲಯದ ಮೂಲಕ ನಗರಾಭಿವೃದ್ಧಿ ಇಲಾಖೆಗೆ ಹೋಗಿ, ಆರ್ಥಿಕ ಇಲಾಖೆ ಒಪ್ಪಿದ ಮೇಲೆ ಅಧಿಸೂಚನೆಯಾಗಬೇಕು. ಹಣಕಾಸಿನ ಹೊರೆ ಎಷ್ಟೆಂದು ನಾವೇ ಬರೆದು ಕೊಡದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ.

ಬದಲಿ ಸಿಬ್ಬಂದಿಗೆ ಹಣ, ಟೆಂಡರ್ ಷರತ್ತು, ಹಾಜರಿ ಪುಸ್ತಕದ ನಮೂನೆ, ವರ್ಷಕ್ಕೊಮ್ಮೆ ರಜೆ ಪತ್ರಕ ತೋರಿಸಿ ಸಹಿ ಪಡೆಯುವುದು, ಇವು ಬಹುಮಟ್ಟಿಗೆ ನಮ್ಮೂರಲ್ಲೇ ಆಗುವ ಕೆಲಸ. ಮಾರ್ಚ್‌ನ ಆಯವ್ಯಯಕ್ಕೆ ಮುಂಚೆ, ಡಿಸೆಂಬರ್ ಜನವರಿಯ ಪೂರ್ವಭಾವಿ ಸಭೆಗಳಲ್ಲೇ ಆಯುಕ್ತರಿಗೆ, ನಿಮ್ಮಲ್ಲಾದರೆ ಪೌರಾಯುಕ್ತರಿಗೆ, ಲಿಖಿತವಾಗಿ ಕೊಡಿ. ಎರಡನ್ನೂ ಒಂದೇ ಮನವಿಯಲ್ಲಿ ಸೇರಿಸಿದರೆ ‘ಸರ್ಕಾರದ ಮಟ್ಟದ ವಿಷಯ’ ಎಂದು ಬರೆದು ಪೂರ್ತಿ ಮೇಲೆ ಕಳಿಸಿಬಿಡುತ್ತಾರೆ. ಎರಡು ಬೇರೆ ಮನವಿ, ಬೇರೆ ದಿನಾಂಕ, ಬೇರೆ ಸ್ವೀಕೃತಿ.

ಘಟಪ್ರಭಾ ದಂಡಿ, ಬಾಗಲಕೋಟೆ

ಸ್ಥಳೀಯ ಮನವಿಗೆ ಹೊರಗುತ್ತಿಗೆಯವರ ಮೂರು ಸಾಲು ನಾನು ಬರೆದಿದ್ದೇನೆ, ತಿದ್ದಿಕೊಡಿ.

‘ಗುತ್ತಿಗೆದಾರರ ಬಿಲ್ಲಿಗೆ ಹಿಂದಿನ ತಿಂಗಳ ಇಎಸ್‌ಐ, ಭವಿಷ್ಯನಿಧಿ ಪಾವತಿಯ ಹೆಸರುವಾರು ಪಟ್ಟಿ ಲಗತ್ತಿಸದಿದ್ದರೆ ಬಿಲ್ಲು ಪಾಸು ಮಾಡಬಾರದು. ಗುತ್ತಿಗೆ ಬದಲಾದಾಗ ಹಳೆಯ ವಿಮಾ ಸಂಖ್ಯೆಯನ್ನೇ ಮುಂದುವರಿಸಿದ ಬಗ್ಗೆ ಕಾರ್ಮಿಕರ ಸಹಿ ಇರುವ ಪಟ್ಟಿ ಪಡೆಯಬೇಕು. ಇಎಸ್‌ಐ ಪ್ರಮಾಣಪತ್ರ ತಂದವರ ಮೊದಲ ಎರಡು ದಿನದ ಕೂಲಿಯನ್ನು ಟೆಂಡರ್ ಅಂದಾಜಿನಲ್ಲೇ ಸೇರಿಸಿ ಪಾವತಿಸಬೇಕು.’

ಖಾಸಬಾಗ ಅಕ್ಕ, ಬೆಳಗಾವಿ

ಮೂರನೆಯದಕ್ಕೆ ‘ವರ್ಷಕ್ಕೆ ಗರಿಷ್ಠ ಮೂರು ಸಲ’ ಎಂದು ಸೇರಿಸಿ, ಆಗ ಲೆಕ್ಕಪರಿಶೋಧನೆಯವರು ಆಕ್ಷೇಪಿಸುವುದಿಲ್ಲ. ಒಬ್ಬರಿಗೆ ಆರು ದಿನದ ಕೂಲಿ, 500ರಂತೆ ವರ್ಷಕ್ಕೆ 3,000, ನೂರು ಜನರಿಗೆ 3 ಲಕ್ಷ. ಈ ಅಂಕಿಯನ್ನು ಮನವಿಯ ಕೆಳಗೇ ಬರೆಯಿರಿ. ಎರಡನೆಯ ಸಾಲಿನ ಪಟ್ಟಿಯ ಒಂದು ಪ್ರತಿಯನ್ನು ಪ್ರತಿ ವಾರ್ಡಿನ ಹಾಜರಿ ಕೇಂದ್ರದ ಗೋಡೆಗೆ ಅಂಟಿಸಬೇಕು ಎಂದೂ ಇರಲಿ. ಓದಲು ಬಾರದವರ ವಿಮಾ ಸಂಖ್ಯೆಯನ್ನು ಅವರ ಮಕ್ಕಳು ಬಂದು ನೋಡಿ ಹೋಗುತ್ತಾರೆ.